ಅನಲಾಗ್ ಫೋನಲ್ಲಿ ಎಲ್ಲಾ ಅನಲಾಗ್ ಅಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಹಳೇ ಇಟ್ಟಿಗೆ ಗಾತ್ರದ ಮೊಬೈಲ್‌ಗಳ ಬಗ್ಗೆ ಬಂದಿದ್ದ ಬರಹ ಓದಿ ಖುಷಿ ಆಯ್ತು, ಆದ್ರೆ ಆ ಅನಲಾಗ್ ಫೋನಿಗೆ ತಾನು ಯಾವ ಕಂಪನಿ ನೆಟ್‌ವರ್ಕಲ್ಲಿದೆ ಅಂತಾನೇ ಗೊತ್ತಾಗ್ತಿರ್ಲಿಲ್ಲ, ಬರೀ ರೇಡಿಯೋ ಇದ್ದಂಗೆ ಅಂತ ಬರ್ದಿದ್ದಾರಲ್ಲ, ಅದು ತಪ್ಪು.

ನಾನು ತೊಂಬತ್ತರ ದಶಕದಲ್ಲಿ ಶಿಕಾಗೋ ಹತ್ರ ಕೆಲ್ಸದಲ್ಲಿದ್ದೆ. ಅಮೆರಿಕದಲ್ಲಿ ಮೊದಲನೇ ಸೆಲ್ಯುಲಾರ್ ಸೇವೆ ಶುರುವಾಗಿದ್ದೂ ಅದೇ ಊರಲ್ಲಿ, 1983ರ ಅಕ್ಟೋಬರಲ್ಲಿ. ಕಾರಲ್ಲಿ ವಿಸ್ಕಾನ್ಸಿನ್ ಕಡೆ ಹೋಗ್ತಾ ನಮ್ಮ ಕಂಪನಿ ಏರಿಯಾ ದಾಟಿದ ತಕ್ಷಣ ಫೋನಲ್ಲಿ ರೋಮ್ (ರೋಮಿಂಗ್, ಅಂದ್ರೆ ಬೇರೆ ಕಂಪನಿ ನೆಟ್‌ವರ್ಕು) ಅಂತ ಹತ್ಕೊಳ್ಳೋದು, ನಮ್ಮನೆಯವ್ಳು "ಇಡ್ರೀ ಫೋನು, ಬಿಲ್ಲು ಯಾರು ಕಟ್ತಾರೆ" ಅನ್ನೋಳು. ಫೋನಿಗೆ ಹೆಂಗೆ ಗೊತ್ತಾಯ್ತು ಮತ್ತೆ?

ವಿಷ್ಯ ಏನಂದ್ರೆ, ಮಾತು ಹೋಗ್ತಿದ್ದದ್ದು ಅನಲಾಗ್ ಎಫ್‌ಎಂನಲ್ಲಿ ನಿಜ, ಆದ್ರೆ ಪ್ರತಿ ಟವರೂ ಕಂಟ್ರೋಲ್ ಚಾನೆಲ್ ಅಂತ ಒಂದ್ರಲ್ಲಿ ಸೆಕೆಂಡಿಗೆ 10,000 ಬಿಟ್ ವೇಗದಲ್ಲಿ ಡಿಜಿಟಲ್ ಡೇಟಾ ಬಿಡ್ತಾನೇ ಇರ್ತಿತ್ತು. ರೇಡಿಯೋ ಸ್ಕ್ಯಾನರ್ ಇದ್ದೋರಿಗೆ ಅದು ಬರೀ ಗೊರ್ರ್ ಅಂತ ಕೇಳ್ಸೋದು. ಆ ಗೊರ್ರ್‌ನ ಡಿಕೋಡ್ ಮಾಡಿದ್ರೆ ಒಂದೊಂದು ಪದಕ್ಕೆ (ಡೇಟಾದ ಒಂದು ತುಂಡಿಗೆ ಹಂಗಂತಾರೆ) 40 ಬಿಟ್ಟು, ಅದ್ರಲ್ಲಿ 28 ಅಸಲಿ ವಿಷ್ಯ, ಮಿಕ್ಕ 12 ತಪ್ಪು ಹಿಡಿಯೋಕೆ, ಓಡೋ ಕಾರಲ್ಲಿ ಸಿಗ್ನಲ್ ಬಂದೂ ಹೋಗಿ ಆಗತ್ತಲ್ಲ, ಅದಕ್ಕೇ ಪ್ರತಿ ಪದಾನೂ ಐದೈದು ಸಲ ಹೇಳೋದು, ನಮ್ಮಜ್ಜಿ ಸಂತೆಗೆ ಕಳಿಸ್ವಾಗ ಹೇಳ್ತಿದ್ದಂಗೆ.

ಅದ್ರೊಳಗೇ ಬರ್ತಿತ್ತು ಸಿಸ್ಟಮ್ ಐಡಿ, ಇದು ಯಾವ ಕಂಪನಿ ನೆಟ್‌ವರ್ಕು ಅಂತ ಹೇಳೋ 15 ಬಿಟ್ಟಿನ ನಂಬರು. ಒಂದೊಂದು ಊರಿಗೆ ಇಬ್ಬರಿಗೆ ಲೈಸೆನ್ಸು: ಲ್ಯಾಂಡ್‌ಲೈನ್ ಕಂಪನಿದು ಬಿ, ಇನ್ನೊಬ್ಬರದು ಎ. ಎ ಕಡೆಯೋರಿಗೆ ಬೆಸ ಸಂಖ್ಯೆ, ಬಿಗೆ ಸಮ ಸಂಖ್ಯೆ. ಶಿಕಾಗೋಲಿ ಎ ನಂಬರು 1, ಬಿ ನಂಬರು 20. ಇಲ್ಲಿದೆ ನೋಡಿ ಮಜಾ, ಟವರು 15 ಬಿಟ್ ಪೂರ್ತಿ ಕಳಿಸ್ತಾನೇ ಇರ್ಲಿಲ್ಲ, ಮೊದಲ 14 ಮಾತ್ರ! ಕೊನೇದನ್ನ ಫೋನೇ ಹಾಕ್ಕೋಬೇಕು. ಎ ಕಡೆ ಕಂಟ್ರೋಲ್ ಚಾನೆಲ್‌ಗಳು 313ರಿಂದ 333, ಬಿದು 334ರಿಂದ 354, ತಾನು ಯಾವ್ದನ್ನ ಕೇಳ್ತಿದೀನಿ ಅಂತ ಫೋನಿಗೆ ಗೊತ್ತಲ್ಲ, ಎ ಆದ್ರೆ ಕೊನೇಲಿ 1, ಬಿ ಆದ್ರೆ 0. ಹಂಗಾಗಿ ಶಿಕಾಗೋ ಎ ಕಂಪನಿ ಹದಿನಾಲ್ಕೂ ಸೊನ್ನೇನೇ ಕಳಿಸ್ತಿತ್ತು, ಫೋನು ಒಂದು 1 ಸೇರಿಸಿ "ಓಹೋ, ಶಿಕಾಗೋ" ಅಂತ ತಿಳ್ಕೊಳ್ಳೋದು. ಬಿ ಕಡೆಯಿಂದ ಬರ್ತಿದ್ದದ್ದು 1010, ಅದರ ಎಡಕ್ಕೆ ಬರೀ ಸೊನ್ನೆ, ಕೊನೇಗೆ ಇನ್ನೊಂದು 0 ಅಂಟಿಸಿದ್ರೆ 10100, ಅಂದ್ರೆ 20. ಫೋನೊಳಗೆ ಬರ್ದಿಟ್ಟಿರೋ ಸ್ವಂತ ಕಂಪನಿ ನಂಬರಿಗೆ ಇದು ತಾಳೆ ಆಗ್ಲಿಲ್ಲ ಅಂದ್ರೆ ರೋಮ್, ಅಷ್ಟೇ.

ನನ್ನ ಮೊಟೊರೊಲಾ ಫ್ಲಿಪ್ ಫೋನಿನ ಬ್ಯಾಟರಿ ಬಿಚ್ಚಿ ಕಾಂಟ್ಯಾಕ್ಟಿಗೆ ಚೂರು ಬೇಗಡೆ ಸಿಕ್ಕಿಸಿದ್ರೆ ಟೆಸ್ಟ್ ಮೋಡಿಗೆ ಹೋಗಿ ಚಾನೆಲ್ ನಂಬರು ತೋರಿಸೋದು. ಎಷ್ಟು ಭಾನುವಾರ ಅದ್ರಲ್ಲೇ ಕಳ್ದಿದೀನೋ. ಬೇರೆಯವ್ರ ಮಾತು ಕದ್ದು ಕೇಳೋದು 1986ರಿಂದಾನೇ ಅಲ್ಲಿ ಅಪರಾಧ, ಆ ತಂಟೆಗೆ ನಾನು ಹೋದೋನಲ್ಲ.

ನಮ್ಮ ದೇಶದಲ್ಲಿ ಸೆಲ್ಯುಲಾರ್ ಶುರುವಾಗಿದ್ದು 1995ರ ಜುಲೈ 31ಕ್ಕೆ, ಅದೂ ನೇರ ಜಿಎಸ್‌ಎಂ, ಅಂದ್ರೆ ಪೂರ್ತಿ ಡಿಜಿಟಲ್, ಅದಕ್ಕೇ ಇದನ್ನ ಇಲ್ಲಿ ನೋಡಿದೋರು ಕಮ್ಮಿ, ಬರ್ದವರ ತಪ್ಪು ದೊಡ್ಡದೇನಲ್ಲ ಬಿಡಿ. ಅಮೆರಿಕದಲ್ಲೂ 2008ರ ಫೆಬ್ರವರಿ ಆದ್ಮೇಲೆ ಅನಲಾಗ್ ಇಟ್ಕೊಳ್ಳೇಬೇಕು ಅನ್ನೋ ನಿಯಮ ತೆಗೆದ್ರು, ಕಂಪನಿಗಳು ಒಂದೊಂದಾಗಿ ಬಂದ್ ಮಾಡಿದ್ವು.

ಇನ್ನೊಂದು, ಬರಹದ ಜೊತೆ ಹಾಕಿದ್ದ ಫೋಟೋದಲ್ಲಿರೋದು ಮೊಬೈಲೇ ಅಲ್ಲ, ಮನೇಲಿಡೋ ಕಾರ್ಡ್‌ಲೆಸ್ ಫೋನು. ಬೇಕಿದ್ರೆ ನನ್ನದರ ಫೋಟೋ ತೆಗೆದು ಕಳಿಸ್ತೀನಿ, ಫ್ಲಿಪ್ಪಿನ ಕೀಲು ಒಂದು ಕಡೆ ಮುರಿದಿದೆ, ಪರವಾಗಿಲ್ಲ ಅಂದ್ರೆ ತಿಳಿಸಿ.

ಇಂತಿ,
ನಿಮ್ಮ ಹಳೇ ಓದುಗ
ಕುವೆಂಪುನಗರ, ಮೈಸೂರು