ಊರಿಗೆ ಕಾಗದ ಹಾಕುವವರು ಓದಿ

ಹೊರದೇಶದಲ್ಲಿರುವ ಗೆಳೆಯರೇ, ಜೂನ್‌ನಲ್ಲಿ ನಾನು ಅಮ್ಮನಿಗೆ ಹಾಕಿದ ಕಾಗದ ಐದು ವಾರಕ್ಕೆ ಮೂಡಿಗೆರೆ ಮುಟ್ಟಿತು. ಮಳೆಗೆ ನೆನೆದು ಶಾಯಿಯೆಲ್ಲ ಹರಡಿ, "ಪ್ರೀತಿಯ ಅಮ್ಮ" ಬಿಟ್ಟರೆ ಬೇರೇನೂ ಓದಲಾಗಲಿಲ್ಲವಂತೆ! ಇನ್ನು ಮೇಲೆ ಬಾಲ್ ಪೆನ್ನಲ್ಲೇ ಬರೆಯಿರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಲಕೋಟೆಗೆ ಹಾಕಿ. ದುಡ್ಡು ಮಾತ್ರ ಇಡಬೇಡಿ.

ವಿಳಾಸ ಇಂಗ್ಲಿಷ್, ಕನ್ನಡ ಎರಡರಲ್ಲೂ ಇರಲಿ. ಹೊರದೇಶದ ಅಂಚೆಯವರು ನೋಡೋದು ಕೊನೇ ಸಾಲಿನ ಇಂಡಿಯಾ. ನಮ್ಮ ಅಂಚೆಯಣ್ಣನಿಗೆ ತೋಟದ ಹೆಸರು ಬೇಕು, ಅಲ್ವಾ? ಪಿನ್ ತಪ್ಪಬೇಡಿ: ಮೂಡಿಗೆರೆ 577132, ಚಿಕ್ಕಮಗಳೂರು 577101, ಸಕಲೇಶಪುರ 573134, ಹಾಸನ 573201. ಹಳ್ಳಿಯದ್ದು ಬೇರೆ ಇರಬಹುದು, ಮನೆಯಲ್ಲಿ ಕೇಳಿಕೊಳ್ಳಿ.

ವಾಟ್ಸಾಪ್ ಇದೆಯಲ್ಲ ಅಂತೀರಾ? ಅಮ್ಮ ಆ ನೆನೆದ ಹಾಳೆಯನ್ನೇ ಒಲೆ ಪಕ್ಕ ಒಣಗಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದಾರೆ.