ನಂಬರ್ ಕೊಟ್ರಿ, ಝೋನ್ ಯಾವುದು ಸ್ವಾಮಿ?

ಮಾನ್ಯ ಸಂಪಾದಕರೇ,

ಕೋಲಾರ ಟೌನ್ ಪಕ್ಕದ ನಮ್ಮೂರ ಕೆರೆ ಹದ್ದುಬಸ್ತು ಮಾಡಿ, ಮೂಲೆ ಕಲ್ಲುಗಳ ಪಟ್ಟಿ ಒಂದನ್ನ ನೋಟಿಸ್ ಬೋರ್ಡಿಗೆ ಅಂಟಿಸಿದಾರೆ. ಒಳ್ಳೆ ಕೆಲಸಾನೇ, ಬೇಡ ಅನ್ನಲ್ಲ. ಆದ್ರೆ ಪಟ್ಟೀಲಿ ಕೆಲವು ಕಲ್ಲಿಗೆ ಪೂರ್ವ ದಿಕ್ಕಿನ ಅಳತೆ 1,88,000 ಚಿಲ್ಲರೆ ಮೀಟರ್ ಅಂತಿದೆ, ಕೆಲವಕ್ಕೆ 8,39,000 ಚಿಲ್ಲರೆ. ಒಂದೇ ಕೆರೆ, ಒಂದೇ ಕಟ್ಟೆ! ಜನ ನೋಡಿ ಏನೋ ಗೋಲ್‌ಮಾಲ್ ನಡೆದಿದೆ ಅಂತ ಗಲಾಟೆ ಶುರು ಮಾಡಿದ್ರು.

ಗೋಲ್‌ಮಾಲ್ ಏನಿಲ್ಲ, ಎರಡೂ ಸರಿನೇ. ಯುಟಿಎಂ ಅನ್ನೋ ಪದ್ಧತೀಲಿ ಭೂಮಿನ ಉತ್ತರ ದಕ್ಷಿಣವಾಗಿ 6 ಡಿಗ್ರಿ ಅಗಲದ 60 ಸೀಳಾಗಿ ಸೀಳಿರ್ತಾರೆ, ಒಂದೊಂದು ಸೀಳಿಗೂ ಝೋನ್ ಅಂತಾರೆ, ಪ್ರತಿ ಝೋನಿಗೂ ಲೆಕ್ಕ ಬೇರೆ, ಝೋನಿನ ನಡುಗೆರೆಗೆ 5,00,000 ಮೀಟರ್ ಅಂತ ಇಟ್ಕೊಂಡು ಅಲ್ಲಿಂದ ಆಚೆ ಈಚೆ ಎಣಿಸ್ತಾರೆ. 43ನೇ ಝೋನ್ ಮುಗಿದು 44 ಶುರುವಾಗೋದು 78 ಡಿಗ್ರಿ ರೇಖಾಂಶದಲ್ಲಿ, ಆ ಗೆರೆ ಹಾದುಹೋಗೋದು ನಮ್ ತಲೆ ಮೇಲೇನೇ! ಮಾಲೂರು ಗೆರೆಯ ಆಚೆ, ಕೋಲಾರ ಈಚೆ. ಶಿಡ್ಲಘಟ್ಟ 43, ಚಿಂತಾಮಣಿ 44. ಮಾಲೂರು ಕಡೆಯಿಂದ ಬರ್ತಾ ಬರ್ತಾ 8,25,000 ಮುಟ್ಟಿದ ನಂಬರ್ ಗೆರೆ ದಾಟ್ತಿದ್ದಂಗೆ 1,74,000 ಚಿಲ್ಲರೆಗೆ ಇಳಿಯುತ್ತೆ. ಅಳೆಯೋರಲ್ಲಿ ಒಬ್ಬರು 43 ಇಟ್ಕೊಂಡ್ರೆ ಇನ್ನೊಬ್ಬರು 44, ಎತ್ತು ಏರಿಗೆ ಕೋಣ ನೀರಿಗೆ. ತುಮಕೂರಿನವರು ಪುಣ್ಯವಂತರು, ಇಡೀ ಜಿಲ್ಲೆ 43ರಲ್ಲೇ ಕೂತಿದೆ.

ಝೋನ್ ಬರೀದೆ ಬಿಟ್ರೆ ಏನಾಗುತ್ತೆ ಅಂದ್ರೆ, ಆ 1,88,000ನ 43 ಅಂದ್ಕೊಂಡು ಕಂಪ್ಯೂಟರ್‌ಗೆ ಹಾಕಿದ್ರೆ ನಮ್ ಕೆರೆ 650 ಕಿ.ಮೀ. ಪಶ್ಚಿಮಕ್ಕೆ ಹೋಗಿ ಅರಬ್ಬಿ ಸಮುದ್ರದಲ್ಲಿ ಬೀಳುತ್ತೆ. ಇದಾದ್ರೂ ವಾಸಿ, ಯಾರಿಗಾದ್ರೂ ತಪ್ಪು ಅಂತ ಗೊತ್ತಾಗುತ್ತೆ.

ಗೊತ್ತೇ ಆಗದ ತಪ್ಪು ಇನ್ನೊಂದಿದೆ, ಅದೇ ಅಪಾಯ. ಹಳೇ ಟೋಪೋಶೀಟ್‌ಗಳು, ಅಂದ್ರೆ ಸರ್ವೇ ಆಫ್ ಇಂಡಿಯಾದ ನಕ್ಷೆಗಳು, ಎವರೆಸ್ಟ್ 1830 ಅನ್ನೋ ಭೂಮಿ ಆಕಾರದ ಲೆಕ್ಕದ ಮೇಲೆ ಮಾಡಿರೋವು. 1802ರಲ್ಲಿ ಮದ್ರಾಸಲ್ಲಿ ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ಸಾಹೇಬ್ರು ಅಳತೆ ಶುರು ಮಾಡಿ, 1804ರಲ್ಲಿ ಬೆಂಗಳೂರ ಹತ್ರ ಇನ್ನೊಂದು ಮೂಲ ಗೆರೆ ಅಳೆದು, ಹೆಚ್ಚುಕಮ್ಮಿ ಇದೇ 78ರ ಸಾಲಲ್ಲಿ ಹಿಡ್ಕೊಂಡು ಹೋದ ಅಳತೆಯಿಂದ ಬಂದ ಲೆಕ್ಕ ಅದು, ಆ ಕಾಲಕ್ಕೆ ನಿಜವಾಗ್ಲೂ ದೊಡ್ಡ ಕೆಲಸ. ಆದ್ರೆ ಈಗಿನ ಫೋನು, ಜಿಪಿಎಸ್ ಎಲ್ಲಾ ನಡೆಯೋದು ಡಬ್ಲ್ಯೂಜಿಎಸ್ 84 ಅನ್ನೋ ಬೇರೆ ಲೆಕ್ಕದ ಮೇಲೆ. ಹಳೇ ಶೀಟಿನ ಅಕ್ಷಾಂಶ ರೇಖಾಂಶನ ಹಂಗೇ ಫೋನಿಗೆ ಹಾಕಿದ್ರೆ ನಮ್ ಕಡೆ ನೂರು ಮೀಟರಿಗಿಂತ ಜಾಸ್ತಿ ಸರಿಯುತ್ತೆ. ನೂರು ಮೀಟರ್ ಅಂದ್ರೆ 33 ಅಡಿ ಚೈನ್ ಹತ್ತು ಸಲ ಎಳೆದಷ್ಟು, ಗುಂಟೆ ಗುಂಟೆಗೂ ಕೋರ್ಟ್ ಮೆಟ್ಟಿಲು ಹತ್ತೋ ಜಿಲ್ಲೇಲಿ ಇದು ಸಣ್ಣ ಮಾತಾ? 2005ರ ನಕ್ಷೆ ನೀತಿ ಬಂದ್ಮೇಲೆ ಸರ್ವೇ ಆಫ್ ಇಂಡಿಯಾದವರ ಓಪನ್ ಸೀರೀಸ್ ಮ್ಯಾಪ್ ಡಬ್ಲ್ಯೂಜಿಎಸ್ 84ರಲ್ಲೇ ಇದೆ, ಆದ್ರೂ ಹಳೇ ಶೀಟಿನ ಜೆರಾಕ್ಸ್ ಇನ್ನೂ ಕೈಯಿಂದ ಕೈಗೆ ಓಡಾಡ್ತಾನೇ ಇದೆ.

ಅಕ್ಷಾಂಶ ಮೊದಲಾ ರೇಖಾಂಶ ಮೊದಲಾ ಅನ್ನೋದೂ ಹಂಗೇ, ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ. ಕೋಲಾರದ 13.13, 78.13ನ ತಿರುಗಿಸಿದ್ರೆ ನಾರ್ವೆಯ ಸ್ವಾಲ್ಬಾರ್ಡ್ ಪಕ್ಕದ ಹಿಮಸಮುದ್ರ.

ಸಂಬಂಧಪಟ್ಟೋರನ್ನ ಕೇಳಿದ್ರೆ ಸಾಫ್ಟ್‌ವೇರ್ ಕೊಟ್ಟಿದ್ದನ್ನ ಪ್ರಿಂಟ್ ಹಾಕಿದೀವಿ ಅಂತಾರೆ. ಸಾಫ್ಟ್‌ವೇರ್‌ಗೆ ಝೋನ್ ಗೊತ್ತಿರುತ್ತೆ ಸ್ವಾಮಿ, ಪ್ರಿಂಟ್ ಹಾಕೋರು ಆ ಸಾಲು ಕತ್ತರಿಸ್ತಾರೆ. ಪಟ್ಟಿ ಕೆಳಗೆ "ಡಬ್ಲ್ಯೂಜಿಎಸ್ 84, ಯುಟಿಎಂ ಝೋನ್ 44 ಉತ್ತರ" ಅಂತ ಒಂದು ಸಾಲು, ಇಲ್ಲಾ ಅದನ್ನೇ ಒಂದು ನಂಬರಲ್ಲಿ ಹೇಳೋ ಇಪಿಎಸ್‌ಜಿ 32644 ಅನ್ನೋ ಕೋಡ್ ಹಾಕಿದ್ರೆ ಮುಗೀತು, ಮಾಲೂರು ಕಡೆಯದಾದ್ರೆ 32643. ಜೊತೆಗೆ ಡಿಗ್ರಿ ಲೆಕ್ಕದಲ್ಲೂ ದಶಾಂಶದ ನಂತರ ಕನಿಷ್ಠ ಐದು ಅಂಕಿ ಕೊಡ್ಲಿ, ಐದನೇ ಅಂಕಿ ಅಂದ್ರೆ ಸುಮಾರು ಒಂದು ಮೀಟರ್; ಫೋನಲ್ಲೇ ಒತ್ತಿ ಕಲ್ಲು ಹೆಚ್ಚುಕಮ್ಮಿ ಎಲ್ಲಿ ಬರುತ್ತೆ ಅಂತ ರೈತರೇ ನೋಡ್ಕೋಬಹುದು. ಭೂಸ್ವಾಧೀನದ ನೋಟಿಸ್ ನಿಮ್ಮ ಪತ್ರಿಕೆಗೆ ಬಂದಾಗ್ಲೂ ಈ ಸಾಲು ಇಲ್ದಿದ್ರೆ ಛಾಪಿಸೋ ಮೊದಲು ಕೇಳಿ.

– ಓದುಗ, ಕೋಲಾರ