‘ಬಿಟ್ಟುಕೊಟ್ಟರು’ ಅಂದರೆ ‘ಬೇಡ ಅಂದರು’ ಅಂತಲ್ಲ

ಮಾನ್ಯರೇ,

ಫೋನಿನಲ್ಲಿ ಆ್ಯಪ್ ಇರುವಾಗ ಬೇರೆ ಭಾಷೆ ಕಲಿಯುವುದು ಯಾಕೆ ಎಂದು ಕಳೆದ ವಾರ ಓದುಗರೊಬ್ಬರು ಇಲ್ಲಿ ಕೇಳಿದ್ದರು. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನನ್ನ ಅಕ್ಕನ ಮಗಳು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿದ್ದಾಳೆ, ಗಂಡ ಗೋವಾದವರು. ಅವಳ ಮಗನಿಗೆ ಅಜ್ಜಿಯ ಊರಿನ ಬಗ್ಗೆ ಒಂದು ಪುಟ ಬರೆದುಕೊಂಡು ಬಾ ಎಂದು ಶಾಲೆಯಲ್ಲಿ ಹೇಳಿದ್ದರು. ನಾನು ಕನ್ನಡದಲ್ಲಿ ಬರೆದುಕೊಟ್ಟೆ. ಅದರಲ್ಲೊಂದು ಸಾಲು, ‘ಕಾರವಾರದ ಸೀಬರ್ಡ್ ನೌಕಾನೆಲೆಗಾಗಿ ನಮ್ಮವರು ಮನೆ, ಗದ್ದೆ ಬಿಟ್ಟುಕೊಟ್ಟರು’. ಮನೆಯ ಹುಡುಗರು ಇಂಗ್ಲಿಷಿಗೆ ಮಾಡಿದಾಗ ಅದು ‘ಗಿವ್ ಅಪ್’ ಆಯಿತು, ಅಲ್ಲಿಂದ ಆ್ಯಪ್ ಅದನ್ನು ಪೋರ್ಚುಗೀಸಿನ ‘ದೆಸಿಸ್ತಿರ್’ ಮಾಡಿತು. ಅಂದರೆ ಸಾಕಪ್ಪಾ ಎಂದು ಕೈಬಿಡುವುದು. ಅಜ್ಜಿಗೆ ಆ ಮನೆ ಯಾಕೆ ಬೇಡವಾಯಿತು ಎಂದು ಟೀಚರ್ ಮಗುವನ್ನು ಕೇಳಿದರಂತೆ! ನನಗೆ ಹೊಟ್ಟೆ ಉರಿದುಹೋಯಿತು. 1986ರಲ್ಲಿ ಅಡಿಗಲ್ಲು ಹಾಕಿದ ಯೋಜನೆ ಅದು, ಪರಿಹಾರಕ್ಕೆಂದು ವರ್ಷಗಟ್ಟಲೆ ಕೋರ್ಟು ಅಲೆದ ಜನ ನಮ್ಮವರು, ಅವರಿಗೆ ಮನೆ ಬೇಡವಾಗಿತ್ತಾ?

ಪಣಜಿಯಲ್ಲಿ ಕೆಲಸದಲ್ಲಿದ್ದಾಗ ನಾನು ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಪೋರ್ಚುಗೀಸ್ ಕಲಿತಿದ್ದೆ. ಇಂಗ್ಲಿಷಿನ ಈ ಒಂದು ‘ಗಿವ್ ಅಪ್’ಗೆ ಅಲ್ಲಿ ಎಷ್ಟೊಂದು ಮಾತುಗಳಿವೆ ನೋಡಿ. ಒಗಟು ಬಿಡಿಸಲಾಗದೆ ‘ಸೋತೆ, ನೀನೇ ಹೇಳು’ ಅನ್ನುವಾಗ ‘ದೆಸಿಸ್ತಿರ್’ ಸರಿ. ಸಿಗರೇಟು ಬಿಟ್ಟರೆ ‘ದೈಶಾರ್ ದಿ ಫುಮಾರ್’, ಬ್ರೆಜಿಲಿನವರು ‘ಪರಾರ್’ ಅಂತಲೂ ಹೇಳುತ್ತಾರೆ. ಪೊಲೀಸರಿಗೆ ಶರಣಾದರೆ ‘ಎಂತ್ರೆಗಾರ್-ಸಿ’. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟುಕೊಟ್ಟರೆ ‘ಸೆದೆರ್’. ಆಸೆ ಬಿಟ್ಟರೆ ಆಸೆಯನ್ನು ಕಳೆದುಕೊಂಡೆ ಅಂತ ಹೇಳುವುದು ರೂಢಿ. ‘ಗಿವ್ ಅಪ್ ಮಾಡಬೇಡ’ ಎಂದು ಧೈರ್ಯ ಹೇಳುವಾಗ ಲಿಸ್ಬನ್‌ನಲ್ಲಿ ಗೆಳೆಯನಿಗೊಂದು ರೂಪ, ಹಿರಿಯರಿಗೊಂದು ರೂಪ, ನಮ್ಮ ‘ಬಿಡಬೇಡ’, ‘ಬಿಡಬೇಡಿ’ ಇದ್ದ ಹಾಗೆ. ಇಂಗ್ಲಿಷಿನಲ್ಲಿ ಅದು ಅಳಿಸಿಹೋಗಿರುತ್ತದೆ.

ಈಗ ಕನ್ನಡ ನೋಡಿ. ಬಿಡು, ಕೈಬಿಡು, ಬಿಟ್ಟುಕೊಡು, ಶರಣಾಗು. ನಮ್ಮಲ್ಲಿ ಆಗಲೇ ಬೇರೆ ಬೇರೆ ಇವೆ ಅಲ್ವಾ? ‘ಬಿಟ್ಟುಕೊಡು’ ಅಂದರೆ ಎದುರಿಗೆ ತೆಗೆದುಕೊಳ್ಳುವವನೊಬ್ಬ ಇದ್ದಾನೆ ಎಂದು ಗೊತ್ತಾಗುತ್ತದೆ, ‘ಸೆದೆರ್’ನಲ್ಲೂ ಹಾಗೇ. ನೇರ ಹೋಗಿದ್ದರೆ ತಪ್ಪುತ್ತಿರಲಿಲ್ಲ, ಸುಮ್ನೆ ನಡುವೆ ಇಂಗ್ಲಿಷಿನಲ್ಲಿ ಇಳಿದು ಬಸ್ಸು ಬದಲಿಸಿದ್ದಕ್ಕೆ ಊರೇ ತಪ್ಪಿತು.

ಕೊನೆಗೆ ನಾನೇ ಕೂತು ಸರಿಪಡಿಸಿದೆ. ಆಗ ಇನ್ನೊಂದು ಗೊತ್ತಾಯಿತು. ನಾನು ಬರೆದ ಕನ್ನಡದಲ್ಲೂ ಒತ್ತಾಯ ಪೂರ್ತಿ ಬಂದಿರಲಿಲ್ಲ. ‘ತಿವೇರಾಂವ್ ದಿ ಸೆದೆರ್’ ಎಂದು ಬರೆದೆ, ಬಿಟ್ಟುಕೊಡಬೇಕಾಯಿತು ಅಂತ. ಕನ್ನಡದ ಪುಟದಲ್ಲೂ ಹಾಗೇ ತಿದ್ದಿದೆ.

ಮಾಜಾಳಿ ದಾಟಿದರೆ ಗೋವಾ, 1961ರ ಡಿಸೆಂಬರ್‌ವರೆಗೂ ಅಲ್ಲಿ ಪೋರ್ಚುಗೀಸರ ಆಳ್ವಿಕೆ ಇತ್ತು. ಚಾವಿ, ಬಟಾಟೆ, ಪಾವ್, ಪಗಾರ ಎಲ್ಲ ಅವರ ಮಾತೇ, ದಿನಾ ನಮ್ಮ ಬಾಯಲ್ಲಿವೆ. (‘ಪಗಾರ್’ ಅಂದರೆ ಅಲ್ಲಿ ಹಣ ಕೊಡುವುದು, ಇಲ್ಲಿ ತಿಂಗಳ ಸಂಬಳ.) ಇಷ್ಟು ಹತ್ತಿರ ಇದ್ದೂ ಇಂಗ್ಲಿಷ್ ಇಲ್ಲದೆ ಕನ್ನಡದಿಂದಲೇ ಪೋರ್ಚುಗೀಸ್ ಕಲಿಯಲು ಒಂದು ಚಿಕ್ಕ ಪುಸ್ತಕವೂ ನನ್ನ ಕೈಗೆ ಸಿಕ್ಕಿಲ್ಲ. ಕಾರವಾರದ ಕಾಲೇಜುಗಳಲ್ಲಿ ಒಂದಾದರೂ ಸಂಜೆ ಕ್ಲಾಸು ಶುರು ಮಾಡಲಿ. ಪತ್ರಿಕೆಯೂ ವಾರಕ್ಕೊಮ್ಮೆ ಒಂದು ಮೂಲೆ ಕೊಟ್ಟರೆ ಐದೈದು ಕ್ರಿಯಾಪದ ಬರೆದುಕೊಡಲು ನಾನು ತಯಾರಿದ್ದೇನೆ.

– ಒಬ್ಬ ಓದುಗ, ಕಾರವಾರ